ಒಂಟಿ ಜಾರ್ಜ್‌ನ ವಂಶ ಮುಗಿದದ್ದು ಯಾವತ್ತು?

ಪ್ರಶ್ನೆ: ಮಗಳ ಶಾಲೆಯ ಪ್ರಾಜೆಕ್ಟಿಗೆ ಸಹಾಯ ಮಾಡುವಾಗ ಗಲಾಪಗೋಸ್ ದ್ವೀಪಗಳ ‘ಲೋನ್ಸಮ್ ಜಾರ್ಜ್’ ಎಂಬ ದೈತ್ಯ ಆಮೆಯ ಬಗ್ಗೆ ಓದಿದೆ. 2012ರಲ್ಲಿ ಅದು ಸತ್ತಾಗ ಅದರ ಉಪಜಾತಿಯೇ ಮುಗಿಯಿತಂತೆ. 40 ವರ್ಷ ಮನುಷ್ಯರ ಕೈಯಲ್ಲೇ ಇತ್ತಲ್ಲ, ಒಂದು ಮರಿ ಮಾಡಿಸಲು ಆಗಲಿಲ್ಲವೇ? ಕ್ಲೋನ್ ಮಾಡಬಹುದಿತ್ತಲ್ಲ? ಮಗಳಿಗೆ 9 ವರ್ಷ. ಅವಳದ್ದೂ ಒಂದು ಪ್ರಶ್ನೆ ಇದೆ: ‘ಅದೇ ಕೊನೇದು ಅಂತ ಅವರಿಗೆ ಹೇಗೆ ಗೊತ್ತು? ಎಲ್ಲಾ ಕಡೆ ಹುಡುಕಿದ್ರಾ?’
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬೇಸರ ಮಾಡ್ಕೋಬೇಡಿ, ನಿಮ್ಮ ಎರಡು ಪ್ರಶ್ನೆಗಿಂತ ಮಗಳ ಒಂದು ಪ್ರಶ್ನೆ ಗಟ್ಟಿಯಾಗಿದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಒಂದು ಪ್ರಾಣಿ ಇದೆ ಎಂದು ತೋರಿಸಲು ಒಂದು ಫೋಟೊ ಸಾಕು. ಇಲ್ಲ ಎಂದು ತೋರಿಸಲು ಇಡೀ ದ್ವೀಪವನ್ನು ಜಾಲಾಡಬೇಕು. ಜಾಲಾಡಿದ ಮೇಲೂ ಎಲ್ಲೋ ಒಂದು ಪೊದೆ ಉಳಿದಿರುತ್ತದೆ. ಜಾರ್ಜ್ ಸಿಕ್ಕಿದ್ದೂ ಹಾಗೆಯೇ.

ಗಲಾಪಗೋಸ್ ಇರುವುದು ಪೆಸಿಫಿಕ್ ಸಾಗರದಲ್ಲಿ, ಈಕ್ವೆಡಾರ್ ದೇಶದ ತೀರದಿಂದ ಸುಮಾರು 1,000 ಕಿ.ಮೀ. ದೂರದಲ್ಲಿ. ಅದರ ಉತ್ತರದ ಅಂಚಿನಲ್ಲಿ ಪಿಂಟಾ ಎಂಬ ಸಣ್ಣ ದ್ವೀಪವಿದೆ. ಸುಮಾರು 60 ಚದರ ಕಿ.ಮೀ., ಜನವಸತಿ ಇಲ್ಲ. 1906ರಲ್ಲಿ ಕ್ಯಾಲಿಫೋರ್ನಿಯಾ ವಿಜ್ಞಾನ ಅಕಾಡೆಮಿಯ ತಂಡವೊಂದು ಅಲ್ಲಿ 3 ಗಂಡು ಆಮೆಗಳನ್ನು ಹಿಡಿದು ಮ್ಯೂಸಿಯಮ್ಮಿಗೆ ಒಯ್ದಿತು. ಅಲ್ಲಿಂದಾಚೆಗೆ ಆರು ದಶಕ ಪಿಂಟಾದ ಆಮೆಯನ್ನು ಯಾವ ವಿಜ್ಞಾನಿಯೂ ಕಾಣಲಿಲ್ಲ. ನಿರ್ನಾಮವಾಗಿದೆ ಎಂದೇ ಎಲ್ಲರೂ ನಂಬಿದ್ದರು.

1971ರ ಕೊನೆಯ ಹೊತ್ತಿಗೆ ಯೋಜೆಫ್ ವಾಗ್ವೋಲ್ಗಿ ಎಂಬ ಹಂಗೆರಿ ಮೂಲದ ವಿಜ್ಞಾನಿ ಪಿಂಟಾಕ್ಕೆ ಹೋದರು. ಅವರು ಹುಡುಕುತ್ತಿದ್ದದ್ದು ಬಸವನಹುಳುಗಳನ್ನು. ದಾರಿಯಲ್ಲಿ ಒಂದು ಆಮೆ ಕಂಡಿತು. ಗಲಾಪಗೋಸ್‌ನಲ್ಲಿ ಆಮೆ ಕಾಣುವುದು ದೊಡ್ಡ ವಿಷಯವೇ? ಅವರು ತಮ್ಮ ಹುಳುಗಳ ಹಿಂದೆ ಹೋದರು. ಪಿಂಟಾದಲ್ಲಿ ಆಮೆ ಕಂಡಿತಂತೆ ಎಂಬ ಸುದ್ದಿ ಆಮೆ ತಜ್ಞರ ಕಿವಿಗೆ ಬಿದ್ದಾಗ ಅವರಿಗೆ ನಂಬಲಾಗಲಿಲ್ಲ. 1972ರಲ್ಲಿ ಮೇಕೆಗಳನ್ನು ಕೊಲ್ಲಲು ಪಿಂಟಾಕ್ಕೆ ಹೋಗಿದ್ದವರಿಗೆ ಅದೇ ಆಮೆ ಮತ್ತೆ ಸಿಕ್ಕಿತು. ಸಾಂತಾಕ್ರೂಸ್ ದ್ವೀಪದ ಚಾರ್ಲ್ಸ್ ಡಾರ್ವಿನ್ ಸಂಶೋಧನಾ ಕೇಂದ್ರಕ್ಕೆ ತಂದರು. ಜಾರ್ಜ್ ಗೋಬಲ್ ಎಂಬ ಅಮೆರಿಕದ ಟಿವಿ ಹಾಸ್ಯನಟ ತನ್ನನ್ನು ತಾನೇ ‘ಲೋನ್ಸಮ್ ಜಾರ್ಜ್’ ಎಂದು ಕರೆದುಕೊಳ್ಳುತ್ತಿದ್ದ. ಆ ಹೆಸರೇ ಆಮೆಗೂ ಅಂಟಿತು. ಒಂಟಿ ಜಾರ್ಜ್.

ಅಷ್ಟು ದೊಡ್ಡ ಆಮೆ ಅಷ್ಟು ವರ್ಷ ಕಣ್ಣಿಗೆ ಬೀಳದೆ ಹೇಗಿತ್ತು ಎಂದು ನಿಮಗೆ ಅನ್ನಿಸಬಹುದು. ನಮ್ಮ ಕೋಲಾರದ ಕಡೆಯ ಕುರುಚಲು ಕಾಡಿನಲ್ಲಿ ನಕ್ಷತ್ರ ಆಮೆ ಹುಡುಕಿದವರಿಗೆ ಇದರ ಉತ್ತರ ಗೊತ್ತು. ಒಣಹುಲ್ಲಿನ ಬುಡದಲ್ಲಿ ಅದು ಸುಮ್ನೆ ಕೂತಿದ್ದರೆ ಎರಡು ಮಾರು ದೂರದಲ್ಲೇ ನಡೆದು ಹೋಗಿರುತ್ತೇವೆ. ನಾನೇ ಹಾಗೆ ದಾಟಿ ಹೋಗಿ, ಹಿಂದೆ ಬರುತ್ತಿದ್ದ ಕುರಿ ಕಾಯುವ ಹುಡುಗನಿಂದ ನಗಿಸಿಕೊಂಡಿದ್ದೇನೆ. ಪಿಂಟಾದ ನೆಲವಂತೂ ಲಾವಾ ಕಲ್ಲಿನದು. ಆಮೆಯ ಬೆನ್ನು ಯಾವುದು, ಬಂಡೆ ಯಾವುದು ಎಂದು ದೂರದಿಂದ ಹೇಳುವುದು ಕಷ್ಟ.

ಜಾರ್ಜ್ ಸಿಕ್ಕ ಮೇಲೆ ಹುಡುಕಾಟ ಜೋರಾಯಿತು. ಪಿಂಟಾವನ್ನು ಮತ್ತೆ ಮತ್ತೆ ಸುತ್ತಿದರು. ಸಿಕ್ಕಿದ್ದು ಹಳೆಯ ಚಿಪ್ಪು, ಮೂಳೆ. ಪ್ರಪಂಚದ ಯಾವುದಾದರೂ ಮೃಗಾಲಯದಲ್ಲಿ ಪಿಂಟಾದ ಒಂದು ಹೆಣ್ಣು ಇದ್ದೀತೇನೋ ಎಂದು 10,000 ಡಾಲರ್ ಬಹುಮಾನವನ್ನೂ ಸಾರಿದರು. ಯಾರೂ ಬಂದು ಪಡೆಯಲಿಲ್ಲ.

ಈಗ, ಇವು ಹೋದದ್ದು ಹೇಗೆ? 18 ಮತ್ತು 19ನೇ ಶತಮಾನದಲ್ಲಿ ಕಡಲ್ಗಳ್ಳರು, ಆಮೇಲೆ ತಿಮಿಂಗಿಲ ಬೇಟೆಯ ಹಡಗುಗಳು ಗಲಾಪಗೋಸ್‌ಗೆ ಬರುತ್ತಿದ್ದವು. ದೈತ್ಯ ಆಮೆ ಅನ್ನ ನೀರಿಲ್ಲದೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಬದುಕುತ್ತದೆ. ಫ್ರಿಜ್ ಇಲ್ಲದ ಕಾಲ. ನಾವಿಕರ ಪಾಲಿಗೆ ಇದು ಕೆಡದ ಬುತ್ತಿ. ಹಡಗಿನ ಒಡಲಲ್ಲಿ ಒಂದರ ಮೇಲೊಂದು ಪೇರಿಸಿಟ್ಟು, ಬೇಕೆಂದಾಗ ಕೊಯ್ದು ತಿನ್ನುತ್ತಿದ್ದರು. ಹೀಗೆ ಹೋದ ಆಮೆಗಳು ಎಲ್ಲ ದ್ವೀಪ ಸೇರಿ ಲಕ್ಷದಿಂದ ಎರಡು ಲಕ್ಷ ಇರಬಹುದು ಎಂಬ ಅಂದಾಜಿದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಹೆಣ್ಣಾಮೆ ಗಂಡಿಗಿಂತ ಬಹಳ ಚಿಕ್ಕದು. ಮೊಟ್ಟೆಯಿಡಲು ಅದು ಕಡಲಿಗೆ ಹತ್ತಿರದ ತಗ್ಗಿನ ಮಣ್ಣಿಗೆ ಇಳಿದು ಬರುತ್ತದೆ. 200 ಕಿಲೊ ತೂಗುವ ಗಂಡನ್ನು ಗುಡ್ಡದಿಂದ ಹೊತ್ತು ತರುವವರು ಯಾರು? ಕೈಗೆ ಸಿಗುವ, ಇಬ್ಬರು ಎತ್ತಬಹುದಾದ ಹೆಣ್ಣನ್ನೇ ನಾವಿಕರು ಜಾಸ್ತಿ ಒಯ್ದರು. ಒಂದು ಊರಿನಿಂದ ಹೆಣ್ಣುಗಳೇ ಖಾಲಿಯಾದರೆ ಗಂಡುಗಳು ನೂರು ವರ್ಷ ಬದುಕಿದರೂ ಏನು ಬಂತು? ಅದಕ್ಕೇ, ಪಿಂಟಾ ಆಮೆಯ ವಂಶ ಮುಗಿದದ್ದು 2012ರಲ್ಲಿ ಎಂದು ನಾನು ಒಪ್ಪುವುದಿಲ್ಲ. ಪಿಂಟಾದ ಕೊನೆಯ ಹೆಣ್ಣು ಹೋದ ದಿನ ಅದು ಮುಗಿದಿತ್ತು. ಆ ದಿನವನ್ನು ಯಾರೂ ಬರೆದಿಡಲಿಲ್ಲ. ಅವತ್ತು ಅಲ್ಲಿ ನೋಡುವವರೇ ಇರಲಿಲ್ಲ.

ಸಾಲದ್ದಕ್ಕೆ 1959ರಲ್ಲಿ ಮೀನುಗಾರರು ಪಿಂಟಾದಲ್ಲಿ ಮೇಕೆಗಳನ್ನು ಬಿಟ್ಟುಹೋದರು. ಎಷ್ಟು? ಮೂರು. ಮುಂದೆ ಬಂದಾಗ ಮಾಂಸಕ್ಕಾಗಲಿ ಎಂಬ ಲೆಕ್ಕ. ಹುಲಿ ಚಿರತೆ ಯಾವುದೂ ಇಲ್ಲದ ದ್ವೀಪ. 1970ರ ದಶಕದಲ್ಲಿ ಅಲ್ಲಿಂದ ತೆಗೆದ ಮೇಕೆಗಳ ಲೆಕ್ಕ 40,000 ದಾಟಿತು! ಮೇಕೆ ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ, ಅದನ್ನು ಪಿಂಟಾದಲ್ಲಿ ನೋಡಬೇಕಿತ್ತು. ಆಮೆಗೆ ಬೇಕಾದ ಹುಲ್ಲು, ಗಿಡ, ನೆರಳು ಎಲ್ಲ ಬೋಳಾಯಿತು. ಕೊನೆಯ ಕೆಲವು ಮೇಕೆಗಳನ್ನು ಹಿಡಿಯುವುದು ಆಮೆ ಹುಡುಕಿದಷ್ಟೇ ಕಷ್ಟವಾಯಿತು. ಕೊರಳಿಗೆ ರೇಡಿಯೊ ಕಟ್ಟಿದ ಮೇಕೆಯನ್ನು ಬಿಡುವುದು, ಅದು ತನ್ನವರನ್ನು ಹುಡುಕಿಕೊಂಡು ಹೋದಾಗ ಬೇಟೆಗಾರರು ಹಿಂದೆ ಹೋಗುವುದು. ಕ್ರೂರ ಉಪಾಯ, ಆದರೆ ಕೆಲಸ ಮಾಡಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ಪಿಂಟಾ ಮೇಕೆಗಳಿಂದ ಮುಕ್ತವಾಯಿತು.

ಇನ್ನು ನಿಮ್ಮ ಪ್ರಶ್ನೆ, ಮರಿ ಯಾಕೆ ಆಗಲಿಲ್ಲ.

ಪ್ರಯತ್ನ ಪಡದೇ ಇರಲಿಲ್ಲ. ಆದರೆ ಹೆಣ್ಣು ಹುಡುಕುವಾಗ ಮೊದಲು ಮಾಡಿದ್ದು ನಮ್ಮ ಹಿರಿಯರು ಮಾಡುವಂಥದ್ದೇ ಕೆಲಸ: ಹತ್ತಿರದ ಊರಿನ ಸಂಬಂಧ ನೋಡಿದರು. ಪಿಂಟಾಕ್ಕೆ ಹತ್ತಿರವಿರುವುದು ಇಸಬೆಲಾ ದ್ವೀಪದ ಉತ್ತರ ತುದಿಯ ವುಲ್ಫ್ ಜ್ವಾಲಾಮುಖಿ. 1990ರ ದಶಕದ ಆರಂಭದಲ್ಲಿ ಅಲ್ಲಿಂದ ಎರಡು ಹೆಣ್ಣಾಮೆಗಳನ್ನು ತಂದು ಜಾರ್ಜ್‌ನ ಜೊತೆಗೆ ಬಿಟ್ಟರು. ಜಾರ್ಜ್ ತಿರುಗಿಯೂ ನೋಡಲಿಲ್ಲ. ಒಬ್ಬ ಯುವ ಸಂಶೋಧಕಿ ಹೆಣ್ಣಾಮೆಯ ವಾಸನೆಯನ್ನು ಕೈಗೆ ಬಳಿದುಕೊಂಡು, ತಿಂಗಳುಗಟ್ಟಲೆ ಅದರ ಜೊತೆ ಕಳೆದು, ವೀರ್ಯ ಸಂಗ್ರಹಿಸಲು ನೋಡಿದರು. ಜಾರ್ಜ್ ಸ್ವಲ್ಪ ಆಸಕ್ತಿ ತೋರಿಸಿತಂತೆ. ಅಷ್ಟೇ, ವೀರ್ಯ ಸಿಗಲಿಲ್ಲ. ಕೇಳಿದರೆ ನಗು ಬರುತ್ತದೆ. ನನಗೆ ಮಾತ್ರ ಆ ಸಂಶೋಧಕಿಯ ತಾಳ್ಮೆ ನೆನೆದು ಗೌರವ ಮೂಡುತ್ತದೆ.

ಈ ನಡುವೆ 1999ರಲ್ಲಿ ಡಿಎನ್‌ಎ ಪರೀಕ್ಷೆ ಒಂದು ತಮಾಷೆ ಬಯಲು ಮಾಡಿತು. ಪಿಂಟಾ ಆಮೆಗೆ ರಕ್ತಸಂಬಂಧ ಹತ್ತಿರವಿರುವುದು ಪಕ್ಕದ ಇಸಬೆಲಾದವುಗಳ ಜೊತೆ ಅಲ್ಲ. ದ್ವೀಪಸಮೂಹದ ಇನ್ನೊಂದು ತುದಿಯಲ್ಲಿರುವ ಎಸ್ಪನ್ಯೋಲಾ ಮತ್ತು ಸಾನ್ ಕ್ರಿಸ್ಟೊಬಾಲ್ ದ್ವೀಪಗಳವು ಅದರ ನಿಜವಾದ ನೆಂಟರು. ಅಲ್ಲಿನ ಸಮುದ್ರದ ಪ್ರವಾಹ ಆಗ್ನೇಯದಿಂದ ವಾಯವ್ಯಕ್ಕೆ ಹರಿಯುತ್ತದೆ. ದೈತ್ಯ ಆಮೆ ಈಜುವುದಿಲ್ಲ, ಆದರೆ ತೇಲುತ್ತದೆ. ಎಂದೋ ಒಂದು ಕಾಲದಲ್ಲಿ ಎಸ್ಪನ್ಯೋಲಾದ ಕಡೆಯಿಂದ ತೇಲಿ ಬಂದ ಆಮೆಯ ಸಂತತಿ ಪಿಂಟಾದ್ದು.

ಚಿಪ್ಪು ನೋಡಿದರೂ ಒಂದು ಸುಳಿವಿತ್ತು. ಹಸಿರು ಹೆಚ್ಚಿರುವ ಎತ್ತರದ ದ್ವೀಪಗಳ ಆಮೆಗೆ ಬೋಗುಣಿ ಕವುಚಿಟ್ಟ ಹಾಗೆ ದುಂಡನೆ ಚಿಪ್ಪು. ಒಣ ದ್ವೀಪಗಳಲ್ಲಿ ಚಿಪ್ಪಿನ ಮುಂಭಾಗ ಕುದುರೆಯ ಜೀನಿನ ಹಾಗೆ ಮೇಲಕ್ಕೆ ಬಾಗಿರುತ್ತದೆ. (ಮಗಳಿಗೆ ಹೇಳಿ, ಇಲ್ಲಿ ಜೀನು ಅಂದರೆ ಕುದುರೆಯ ಬೆನ್ನಿಗೆ ಕಟ್ಟುವುದು. ಜೀವಶಾಸ್ತ್ರದ ಜೀನ್ ಅಲ್ಲ.) ಹಾಗಿದ್ದರೆ ಕತ್ತನ್ನು ನೆಟ್ಟಗೆ ಮೇಲೆತ್ತಿ ಪಾಪಸುಕಳ್ಳಿಯ ಎಲೆಯಂಥ ಕಾಂಡಕ್ಕೆ ಬಾಯಿ ಹಾಕಬಹುದು. ಹೌದು, ನಮ್ಮ ಬೇಲಿಯ ಪಾಪಸುಕಳ್ಳಿಯ ಕುಟುಂಬದ್ದೇ. ಅಲ್ಲಿ ಕೆಲವು ದ್ವೀಪಗಳಲ್ಲಿ ಅದು ಮರದಷ್ಟು ಎತ್ತರ ಬೆಳೆಯುತ್ತದೆ. ಜಾರ್ಜ್‌ನದು ಜೀನು ಚಿಪ್ಪು. ಎಸ್ಪನ್ಯೋಲಾದ ಆಮೆಗಳದ್ದೂ ಅದೇ.

2008ರಲ್ಲಿ, ಯಾರೂ ಎಣಿಸದ ಹೊತ್ತಿನಲ್ಲಿ, ಜಾರ್ಜ್‌ನ ಜೊತೆಗಿದ್ದ ಹೆಣ್ಣು ಮೊಟ್ಟೆ ಇಟ್ಟಿತು! ಪ್ರಪಂಚವಿಡೀ ಸುದ್ದಿ. ಮೊಟ್ಟೆಗಳನ್ನು ಇನ್ಕ್ಯುಬೇಟರಿನಲ್ಲಿಟ್ಟು ತಿಂಗಳುಗಟ್ಟಲೆ ಕಾದರು. ಒಂದೂ ಮರಿಯಾಗಲಿಲ್ಲ. 2009ರಲ್ಲಿ ಮತ್ತೆ ಮೊಟ್ಟೆ, ಮತ್ತೆ ಜೊಳ್ಳು. 2011ರಲ್ಲಿ ಎಸ್ಪನ್ಯೋಲಾದ ಎರಡು ಹೆಣ್ಣುಗಳನ್ನು ತಂದರು. ಸರಿಯಾದ ಸಂಬಂಧ ಕುದುರಿಸುವ ಹೊತ್ತಿಗೆ ತಡವಾಗಿತ್ತು. 2012ರ ಜೂನ್ 24, ಭಾನುವಾರ ಬೆಳಿಗ್ಗೆ, 40 ವರ್ಷ ಅದನ್ನು ನೋಡಿಕೊಂಡಿದ್ದ ಫಾಸ್ಟೊ ಯೆರೆನಾ ಎಂದಿನಂತೆ ಆವರಣದೊಳಗೆ ಹೋದಾಗ ಜಾರ್ಜ್ ಸತ್ತು ಮಲಗಿತ್ತು. ವಯಸ್ಸು ನೂರರ ಆಸುಪಾಸು ಎಂಬ ಅಂದಾಜು. ದೈತ್ಯ ಆಮೆಗಳಲ್ಲಿ ಇದು ತೀರಾ ಮುದಿತನವೂ ಅಲ್ಲ.

ಮರಿ ಆಗದಿರಲು ಕಾರಣ ಏನು? ಬೇರೆ ತಳಿಯ ಹೆಣ್ಣಾದದ್ದು ಒಂದು ಕಾರಣ ಇರಬಹುದು. ನನ್ನ ಅನುಮಾನ ಇನ್ನೊಂದು ಕಡೆಗಿದೆ. ಜಾರ್ಜ್ ಬದುಕಿನ ಬಹುಪಾಲು ಬೇರೆ ಆಮೆಯ ಮುಖ ನೋಡದೆ ಕಳೆದಿರಬೇಕು. ಹೆಣ್ಣಿನ ಬಳಿ ಏನು ಮಾಡಬೇಕು ಎನ್ನುವುದು ಪ್ರಾಣಿಗಳಿಗೂ ಪೂರ್ತಿ ಹುಟ್ಟುಗುಣವಲ್ಲ. ನೋಡಿ, ಜಗಳಾಡಿ, ಸೋತು ಕಲಿಯುವುದೂ ಇರುತ್ತದೆ.

ಇದನ್ನೆಲ್ಲ ಬದಿಗಿಟ್ಟು ಒಂದು ಲೆಕ್ಕ ಹಾಕೋಣ. ಮರಿಯಾಗಿತ್ತು ಅಂತಲೇ ಇಟ್ಟುಕೊಳ್ಳಿ. ಅದು ಅರ್ಧ ಪಿಂಟಾ, ಅರ್ಧ ಇನ್ನಾವುದೋ ತಳಿ. ಗಲಾಪಗೋಸ್ ಆಮೆ ಪ್ರಾಯಕ್ಕೆ ಬರಲು 20–25 ವರ್ಷ ಬೇಕು. ಆಮೇಲೆ ಆ ಮಗಳನ್ನು ಜಾರ್ಜ್‌ಗೇ ಜೋಡಿ ಮಾಡಿದರೆ ಮುಂದಿನ ಮರಿ ಮುಕ್ಕಾಲು ಪಿಂಟಾ. ಇನ್ನೊಂದು ಸುತ್ತಿಗೆ ಮತ್ತೆ 25 ವರ್ಷ. ಅಪ್ಪ ಮಗಳ ಸಂತಾನವಾದ್ದರಿಂದ ರೋಗ, ಬಂಜೆತನದ ಭಯ ಬೇರೆ. 1972ರಲ್ಲೇ ಎಲ್ಲ ಸರಿಯಾಗಿ ಶುರುವಾಗಿದ್ದರೂ ಇವತ್ತಿಗೆ ಎರಡನೇ ಸುತ್ತು ಮುಗಿಯುತ್ತಿತ್ತು ಅಷ್ಟೇ.

ಕ್ಲೋನಿಂಗ್ ವಿಷಯ ಬೇಗ ಮುಗಿಸುತ್ತೇನೆ. ಕುರಿ, ಹಸು, ನಾಯಿಯನ್ನು ಕ್ಲೋನ್ ಮಾಡಿದ್ದಾರೆ. ಉರಗಗಳಲ್ಲಿ ಹಾಗೆ ಮಾಡಿದವರಿಲ್ಲ. ಕ್ಲೋನಿಂಗ್‌ಗೆ ಒಂದೇ ಕೋಶದ, ಇನ್ನೂ ಫಲಿತವಾಗದ ಅಂಡ ಕೈಗೆ ಸಿಗಬೇಕು. ಆಮೆಯಲ್ಲಿ ಅಂಡ ಫಲಿತವಾಗುವುದು, ಸುತ್ತ ಲೋಳೆ, ಓಡು ಕಟ್ಟಿಕೊಳ್ಳುವುದು ಎಲ್ಲ ಹೊಟ್ಟೆಯೊಳಗೇ. ಮೊಟ್ಟೆ ಹೊರಬರುವ ಹೊತ್ತಿಗೆ ಭ್ರೂಣ ಆಗಲೇ ಬೆಳೆಯಲು ತೊಡಗಿರುತ್ತದೆ. ‘ಜಾರ್ಜ್ ಗಂಡು, ಕ್ಲೋನ್ ಮಾಡಿದರೂ ಬರೀ ಗಂಡೇ ಬರುತ್ತಿತ್ತು’ ಎಂದು ಕೆಲವರು ಹೇಳುತ್ತಾರೆ. ಅದು ಮಾತ್ರ ತಪ್ಪು. ಈ ಆಮೆಗಳಲ್ಲಿ ಗಂಡೋ ಹೆಣ್ಣೋ ಎಂದು ತೀರ್ಮಾನಿಸುವುದು ಮೊಟ್ಟೆಯ ಬಿಸಿ. ಸಾಂತಾಕ್ರೂಸ್‌ನ ಕೇಂದ್ರದಲ್ಲಿ ಮೊಟ್ಟೆಯನ್ನು 28 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು ಗಂಡು, 29.5 ಡಿಗ್ರಿಯಲ್ಲಿಟ್ಟು ಹೆಣ್ಣು ಪಡೆಯುತ್ತಾರೆ. ಹಾಗಾಗಿ ಬಾಯಿಮಾತಿನ ಲೆಕ್ಕದಲ್ಲಿ ಜಾರ್ಜ್‌ನ ಹೆಣ್ಣು ಕ್ಲೋನ್ ಸಾಧ್ಯ! ಆದರೆ ಅವೆಲ್ಲ ಒಂದೇ ಅಚ್ಚಿನವು. ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬರುತ್ತದೆ.

ಜಾರ್ಜ್‌ನ ಜೀವಕೋಶ ವ್ಯರ್ಥವಾಗಲಿಲ್ಲ. 2018ರಲ್ಲಿ ಅದರ ಪೂರ್ತಿ ಡಿಎನ್‌ಎ ಓದಿ ಪ್ರಕಟಿಸಿದರು. ಹಾಳಾದ ಡಿಎನ್‌ಎ ರಿಪೇರಿ ಮಾಡುವ, ರೋಗ ತಡೆಯುವ, ಕ್ಯಾನ್ಸರ್ ತಡೆಯುವ ಜೀನ್‌ಗಳಲ್ಲಿ ವಿಶೇಷ ಬದಲಾವಣೆಗಳು ಕಂಡವು. ಇವು ಇಷ್ಟು ವರ್ಷ ಬದುಕುವುದು ಹೇಗೆ ಎಂಬುದಕ್ಕೆ ಅಲ್ಲಿ ಸುಳಿವಿದೆ. ದೇಹವನ್ನು ನ್ಯೂಯಾರ್ಕಿನಲ್ಲಿ ಸಂಸ್ಕರಿಸಿ, 2014ರಲ್ಲಿ ಅಲ್ಲಿನ ನೈಸರ್ಗಿಕ ಇತಿಹಾಸ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದರು. 2017ರಲ್ಲಿ ಊರಿಗೆ ಮರಳಿತು. ಈಗ ಸಾಂತಾಕ್ರೂಸ್‌ನಲ್ಲಿ ಹವಾನಿಯಂತ್ರಿತ ಕೋಣೆಯಲ್ಲಿದೆ, ಕತ್ತು ಮೇಲೆತ್ತಿ ನಿಂತ ಭಂಗಿಯಲ್ಲಿ.

ಇದೇ ಕಾಲದಲ್ಲಿ ಎಸ್ಪನ್ಯೋಲಾದಲ್ಲಿ ಏನಾಯಿತು ನೋಡಿ. ಅಲ್ಲೂ ಮೇಕೆ, ಅಲ್ಲೂ ನಾವಿಕರು. 1960ರ ದಶಕದಿಂದ 1974ರವರೆಗೆ ಹುಡುಕಿ ಹುಡುಕಿ ತಂದಾಗ ಸಿಕ್ಕಿದ್ದು 14 ಆಮೆ. 12 ಹೆಣ್ಣು, 2 ಗಂಡು. ಆಮೇಲೆ ಅಮೆರಿಕದ ಸ್ಯಾನ್ ಡಿಯೇಗೊ ಮೃಗಾಲಯದಲ್ಲಿದ್ದ ಡಿಯೇಗೊ ಎಂಬ ಗಂಡು ಸೇರಿತು. ಒಟ್ಟು 15. ಅವುಗಳ ವಂಶದಿಂದ ಇಂದು ಎಸ್ಪನ್ಯೋಲಾದಲ್ಲಿ ಸುಮಾರು 2,000 ಆಮೆಗಳಿವೆ. 2020ರ ಜೂನ್‌ನಲ್ಲಿ ಆ 15 ಹಿರಿಯರನ್ನೂ ಮನೆಗೆ ಬಿಟ್ಟು ಬಂದರು. ಪತ್ರಿಕೆಗಳೆಲ್ಲ ಡಿಯೇಗೊವನ್ನು ರಸಿಕ ಎಂದು ಹಾಡಿ ಹೊಗಳಿದವು. ಡಿಎನ್‌ಎ ಲೆಕ್ಕ ನೋಡಿದರೆ ಮರಿಗಳಲ್ಲಿ ಅದರ ಪಾಲು ಸುಮಾರು ಶೇ 40. ಉಳಿದ ಬಹುಪಾಲು ಇ5 ಎಂಬ, ಹೆಸರೂ ಇಲ್ಲದ ಮೌನಿ ಗಂಡಿನದು. 15ರಿಂದ 2,000 ಆಗುತ್ತದೆ. 1ರಿಂದ 2 ಆಗುವುದಿಲ್ಲ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಚಿಕ್ಕ ಉತ್ತರ ನನ್ನ ಬಳಿ ಇಲ್ಲ.

ಪಿಂಟಾ ದ್ವೀಪವೂ ಆಮೆಯಿಲ್ಲದೆ ಉಳಿಯಲಿಲ್ಲ. ಮೇಕೆ ಹೋದ ಮೇಲೆ ಗಿಡಗಳು ಎದ್ದವು, ಆದರೆ ಬೀಜ ತಿಂದು ಹಾಕುವ, ಪೊದೆ ತುಳಿದು ದಾರಿ ಮಾಡುವ ಪ್ರಾಣಿ ಇರಲಿಲ್ಲ. 2010ರಲ್ಲಿ, ಜಾರ್ಜ್ ಬದುಕಿರುವಾಗಲೇ, 39 ಬೆರಕೆ ಆಮೆಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ ಅಲ್ಲಿ ಬಿಟ್ಟರು. ತೋಟಕ್ಕೆ ಆಳು ಇಟ್ಟ ಹಾಗೆ. ಮನೆಯ ವಾರಸುದಾರರು ಎಂದಾದರೂ ಬರಲಿ ಎಂದು ಜಾಗ ಕಾಯುವವರು.

ವಾರಸುದಾರರು ಇದ್ದಾರೆಯೇ? ಇಲ್ಲಿ ಕಥೆ ತಿರುಗುತ್ತದೆ. ಜಾರ್ಜ್‌ಗೆ ಮೊದಲ ಹೆಣ್ಣು ತಂದ ಅದೇ ವುಲ್ಫ್ ಜ್ವಾಲಾಮುಖಿಯ ಇಳಿಜಾರಿನಲ್ಲಿ ಕೆಲವು ಆಮೆಗಳ ಚಿಪ್ಪು ಊರಿನವುಗಳ ಹಾಗಿರಲಿಲ್ಲ. 2008ರಲ್ಲಿ ತಂಡವೊಂದು ಅಲ್ಲಿ 1,600ಕ್ಕೂ ಹೆಚ್ಚು ಆಮೆಗಳ ರಕ್ತ ತೆಗೆಯಿತು. ಅವುಗಳಲ್ಲಿ 17ಕ್ಕೆ ಪಿಂಟಾ ರಕ್ತವಿತ್ತು. 2020ರಲ್ಲಿ ಇನ್ನೊಂದು ಎಳೆಯ ಹೆಣ್ಣು ಸಿಕ್ಕಿತು, ಪಿಂಟಾ ವಂಶದ್ದೇ. ಇವು ಅಲ್ಲಿಗೆ ಬಂದದ್ದು ಹೇಗೆ? ಹಡಗು ಹಗುರ ಮಾಡಬೇಕಾದಾಗ ನಾವಿಕರು ಅಲ್ಲಿನ ಬ್ಯಾಂಕ್ಸ್ ಕೊಲ್ಲಿಯಲ್ಲಿ ಆಮೆಗಳನ್ನು ನೀರಿಗೆ ಎಸೆದಿರಬೇಕು, ಅವು ತೇಲಿ ದಡ ಸೇರಿರಬೇಕು ಎನ್ನುವುದು ತಜ್ಞರ ಊಹೆ. ವಂಶ ಅಳಿಸಿದವರೇ ಅದರ ಒಂದು ಎಳೆಯನ್ನು ಬೇರೆ ಕಡೆ ಚೆಲ್ಲಿ ಹೋಗಿದ್ದಾರೆ. ಇವು ಬೆರಕೆಗಳು, ಜಾರ್ಜ್ ಅಲ್ಲ. ಆದರೂ ಹಲವು ಹೆಣ್ಣು, ಹಲವು ಗಂಡು. 1 ಅಲ್ಲ.

ಕೊನೆಗೆ ಮತ್ತೆ ಮಗಳ ಪ್ರಶ್ನೆಗೆ ಬರುತ್ತೇನೆ. ಪ್ರಾಜೆಕ್ಟಿಗೆ ಅವಳು ಇನ್ನೊಂದು ಆಮೆಯನ್ನೂ ಸೇರಿಸಲಿ. ಫರ್ನಾಂಡಿನಾ ದ್ವೀಪದಲ್ಲಿ 1906ರಲ್ಲಿ ಒಂದೇ ಒಂದು ಗಂಡು ಆಮೆ ಸಿಕ್ಕಿತ್ತು. ಆಮೇಲೆ ಯಾವುದೂ ಇಲ್ಲ. ಅಲ್ಲಿ ಮೇಕೆ ಇಲ್ಲ, ಹೊರಗಿನಿಂದ ಬಂದ ಇಲಿಯೂ ಇಲ್ಲ, ಆದರೆ ಜ್ವಾಲಾಮುಖಿ ಮತ್ತೆ ಮತ್ತೆ ಉಕ್ಕುತ್ತದೆ. 2019ರ ಫೆಬ್ರವರಿ 17ರಂದು, ಲಾವಾ ಹರಿವುಗಳ ನಡುವೆ ಉಳಿದ ಒಂದು ತುಂಡು ಹಸಿರಿನಲ್ಲಿ, ಒಂದು ಹೆಣ್ಣು ಸಿಕ್ಕಿತು. 113 ವರ್ಷದ ನಂತರ! ಫರ್ನಾಂಡಾ ಎಂದು ಹೆಸರಿಟ್ಟರು. ತಿನ್ನಲು ಸಾಲದೆ ಬೆಳವಣಿಗೆ ಕುಂಠಿತವಾಗಿತ್ತು, ಚಿಪ್ಪಿನ ಆಕಾರ 1906ರ ಗಂಡಿನ ಹಾಗೆ ಇರಲಿಲ್ಲ. ಹಾಗಾಗಿ ಕೆಲವರಿಗೆ ಅನುಮಾನ. ಮ್ಯೂಸಿಯಮ್ಮಿನಲ್ಲಿದ್ದ ಆ ಗಂಡಿನ ಡಿಎನ್‌ಎ ಜೊತೆ ಹೋಲಿಸಿದಾಗ ಎರಡೂ ಒಂದೇ ಕುಲ ಎಂದು 2022ರಲ್ಲಿ ಖಾತ್ರಿಯಾಯಿತು. ಈಗ ಅದು ಸಾಂತಾಕ್ರೂಸ್‌ನಲ್ಲಿದೆ. ವಯಸ್ಸು 50 ದಾಟಿದೆ.

ಫರ್ನಾಂಡಿನಾದಲ್ಲಿ ಬೇರೆ ಆಮೆಗಳ ಹೆಜ್ಜೆ ಗುರುತು, ಲದ್ದಿ ಕಂಡಿವೆ. ಅದನ್ನು ಹಾಕಿದ ಆಮೆ ಇನ್ನೂ ಸಿಕ್ಕಿಲ್ಲ. ಮಗಳು ನೋಟ್‌ಬುಕ್ಕಿನಲ್ಲಿ ಫರ್ನಾಂಡಾ ಬಗ್ಗೆ ‘ಕೊನೆಯ ಆಮೆ’ ಎಂದು ಬರೆದರೆ, ಮುಂದೆ ‘ಇಲ್ಲಿಯವರೆಗೆ ಸಿಕ್ಕ’ ಎಂದು ಸೇರಿಸಲು ಹೇಳಿ. ಪೆನ್ಸಿಲಿನಲ್ಲಿ ಬರೆದರೆ ಇನ್ನೂ ಒಳ್ಳೆಯದು.